29–0: ಖಬೀಬ್ ನಿಜಕ್ಕೂ ಅಷ್ಟು ದೊಡ್ಡ ಫೈಟರಾ, ಅಥವಾ ಸುಮ್ನೆ ಲೆಕ್ಕ ಚೆನ್ನಾಗಿದೆಯಾ?

ರಾತ್ರಿಪಾಳಿ

ಮೊದಲೇ ಹೇಳಿಬಿಡುತ್ತೇನೆ, ನಾನು ಬಾಕ್ಸಿಂಗ್ ನೋಡಿ ಬೆಳೆದವನು. ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ, ಅಷ್ಟಾಗಿ ಗೊತ್ತಿಲ್ಲ. ಬಯ್ಯುವವರು ಸ್ವಲ್ಪ ನಿಧಾನ.

ನಮ್ಮ ಮನೆಯಲ್ಲಿ ಬಾಮೈದ ಇದ್ದಾನೆ. ಡಿಗ್ರಿ ಎರಡನೇ ವರ್ಷ. ಅವನ ರೂಮಿನ ಬಾಗಿಲ ಹಿಂದೆ ಖಬೀಬ್ ನುರ್ಮಗೊಮೆದೊವ್ ಪೋಸ್ಟರ್. ತಲೆ ಮೇಲೆ ಆ ದೊಡ್ಡ ಉಣ್ಣೆ ಟೋಪಿ. ಊಟಕ್ಕೆ ಕೂತರೆ ಅದೇ ಮಾತು. "29 ಗೆಲುವು, ಸೊನ್ನೆ ಸೋಲು, ಭಾವ. ಪ್ರಪಂಚದಲ್ಲಿ ಇನ್ನೊಬ್ಬ ಇಲ್ಲ."

ಕಾಟ ತಡೆಯಲಾರದೆ ಭಾನುವಾರ ಅವನ ಜೊತೆ ಕೂತು ಒಂದು ಫೈಟ್ ನೋಡಿದೆ. ಅಲ್ ಅಯಾಕ್ವಿಂಟಾ ಎದುರಿನದು. ಐದು ರೌಂಡು, 25 ನಿಮಿಷ. ನನಗೆ ಕಂಡಿದ್ದು ಇಷ್ಟೇ: ಒಬ್ಬ ಇನ್ನೊಬ್ಬನನ್ನು ಅಪ್ಪಿಕೊಂಡು ಮಲಗಿದ್ದಾನೆ, ಆಗಾಗ ಎರಡು ಏಟು ಹಾಕುತ್ತಾನೆ. ನನಗಂತೂ ನಿದ್ದೆ ಬಂತು.

ಆಮೇಲೆ ಲೆಕ್ಕ ತೆಗೆದೆ. ಎಂಎಂಎ ಪಂದ್ಯ ನಡೆಸುವ ದೊಡ್ಡ ಸಂಸ್ಥೆ ಯುಎಫ್‌ಸಿಯಲ್ಲಿ ಆಡಿದ್ದು 13 ಪಂದ್ಯ. ಗೆದ್ದ ಚಾಂಪಿಯನ್ ಬೆಲ್ಟನ್ನು ಉಳಿಸಿಕೊಂಡಿದ್ದು ಬರೀ ಮೂರು ಸಲ. 32ನೇ ವಯಸ್ಸಿಗೆ ಮನೆಗೆ ಹೋದ. ಇದಕ್ಕೆ ಇಷ್ಟೊಂದು ಕುಣಿದಾಟ ಬೇಕಾ? ಗೊತ್ತಿರುವವರು ಹೇಳಿ.

ಐದು_ರೌಂಡು

ಗುರು, ನೀವು ನೋಡಿದ್ದೇ ತಪ್ಪು ಫೈಟು. ಹಿಂದಿನ ಕಥೆ ಗೊತ್ತಿಲ್ಲದೆ ನೋಡಿದರೆ ಬೋರ್ ಹೊಡೆಯುತ್ತದೆ, ಒಪ್ಪುತ್ತೇನೆ.

2018ರ ಏಪ್ರಿಲ್ 7, ನ್ಯೂಯಾರ್ಕಿನ ಬ್ರೂಕ್ಲಿನ್. ಖಬೀಬ್ ಎದುರು ಆಡಬೇಕಿದ್ದವನು ಟೋನಿ ಫರ್ಗುಸನ್. ಆ ಪುಣ್ಯಾತ್ಮ ಪಂದ್ಯಕ್ಕೆ ಒಂದು ವಾರ ಇರುವಾಗ ಟಿವಿ ಪ್ರಚಾರಕ್ಕೆ ಹೋಗಿ, ಅಲ್ಲಿ ನೆಲದ ಮೇಲಿದ್ದ ಕೇಬಲ್ ಎಡವಿ ಮಂಡಿ ಕೆಡಿಸಿಕೊಂಡ. ಬದಲಿಗೆ ಮ್ಯಾಕ್ಸ್ ಹಾಲೋವೇ ಬಂದ. ಅವನು ಕೆಳಗಿನ ತೂಕದ ಚಾಂಪಿಯನ್. ಕೆಲವೇ ದಿನಗಳಲ್ಲಿ ತೂಕ ಇಳಿಸಲು ಹೋಗಿ ಒದ್ದಾಡಿದ, ಪರೀಕ್ಷೆ ಮಾಡಿದವರು ಆಡಿಸುವುದು ಬೇಡ ಅಂದರು. ತೂಕ ನೋಡುವ ದಿನ ಬೆಳಿಗ್ಗೆ ಖಬೀಬ್‌ಗೆ ಎದುರಾಳಿಯೇ ಇಲ್ಲ! ಅದೇ ರಾತ್ರಿ ಬೇರೊಬ್ಬರ ಜೊತೆ ಆಡಬೇಕಿದ್ದ ಅಯಾಕ್ವಿಂಟಾನನ್ನು ಎಳೆದು ತಂದರು. ಅವನು ಲಾಂಗ್ ಐಲೆಂಡ್‌ನಲ್ಲಿ ಮನೆ ಮಾರುವ ರಿಯಲ್ ಎಸ್ಟೇಟ್ ಏಜೆಂಟ್ ಕೂಡ.

ಅವನ ತೂಕ 155.2 ಪೌಂಡ್. ಟೈಟಲ್ ಪಂದ್ಯಕ್ಕೆ 155 ದಾಟಬಾರದು. ನೂರು ಗ್ರಾಮೂ ಇಲ್ಲದ ಆ 0.2 ಪೌಂಡಿಂದಾಗಿ ಅಯಾಕ್ವಿಂಟಾ ಗೆದ್ದಿದ್ದರೂ ಬೆಲ್ಟ್ ಸಿಗುತ್ತಿರಲಿಲ್ಲ. ಖಬೀಬ್ ಸೋತರೆ ಎಲ್ಲವೂ ಹೋಗುತ್ತಿತ್ತು. ಸಾಲದ್ದಕ್ಕೆ ಎರಡು ದಿನ ಮುಂಚೆ ಐರ್ಲೆಂಡಿನ ಫೈಟರ್ ಕಾನರ್ ಮೆಕ್‌ಗ್ರೆಗರ್ ಹುಡುಗರನ್ನು ಕಟ್ಟಿಕೊಂಡು ಬಂದು, ಸಾಮಾನು ತಳ್ಳುವ ಕಬ್ಬಿಣದ ಗಾಡಿ ಎತ್ತಿ ಖಬೀಬ್ ಕೂತಿದ್ದ ಬಸ್ಸಿನ ಕಿಟಕಿಗೆ ಎಸೆದಿದ್ದ. ಒಳಗಿದ್ದ ಬೇರೆ ಇಬ್ಬರು ಫೈಟರ್‌ಗಳಿಗೆ ಗಾಜು ಬಿದ್ದು ಅವರ ಪಂದ್ಯಗಳೇ ರದ್ದಾದವು.

ಇಷ್ಟೆಲ್ಲ ಆದಮೇಲೆ ಮನುಷ್ಯ ಹೋಗಿ ಮೂವರು ತೀರ್ಪುಗಾರರ ಅಂಕದಲ್ಲಿ 50–44, 50–43, 50–43ರಲ್ಲಿ ಗೆದ್ದ. ನಿಮಗೆ ನಿದ್ದೆ ಬಂತು ಅಂತೀರಿ.

ಲೆಕ್ಕದ_ಮೇಷ್ಟ್ರು

ರಾತ್ರಿಪಾಳಿ ಹೇಳಿದ್ದರಲ್ಲಿ ಅರ್ಥ ಇದೆ. ನಾನೂ ಅಭಿಮಾನಿಯೇ, ಆದರೆ ಪೂಜೆ ಮಾಡುವವನಲ್ಲ.

29ರಲ್ಲಿ 16 ಗೆಲುವು ಯುಎಫ್‌ಸಿಗೆ ಬರುವ ಮುಂಚಿನವು. ರಷ್ಯಾ, ಉಕ್ರೇನ್ ಕಡೆ ಚಿಕ್ಕ ಚಿಕ್ಕ ಕೂಟಗಳು. ಎದುರಿಗೆ ಬಂದ ಬಹಳಷ್ಟು ಜನರ ಹೆಸರು ಯಾರಿಗೂ ನೆನಪಿಲ್ಲ. ಇನ್ನು 2012ರ ಜುಲೈಯಲ್ಲಿ ಗ್ಲೈಸನ್ ಟಿಬಾವ್ ಎದುರಿನ ಪಂದ್ಯ ತೆಗೆದು ನೋಡಿ. ಕೆಡವುವುದರಲ್ಲಿ ಎತ್ತಿದ ಕೈ ಅನ್ನುತ್ತೇವಲ್ಲ, ಆ ಖಬೀಬ್ ಅವತ್ತು ಎಷ್ಟು ಒದ್ದಾಡಿದರೂ ಟಿಬಾವ್‌ನನ್ನು ಒಂದು ಸಲವೂ ಕೆಡವಲಿಲ್ಲ. ಮೂವರು ತೀರ್ಪುಗಾರರೂ 30–27 ಕೊಟ್ಟರು. ಟಿಬಾವ್ ಗೆದ್ದ ಅನ್ನುವವರು ಇವತ್ತಿಗೂ ಇದ್ದಾರೆ. ನನ್ನ ಪುಸ್ತಕದಲ್ಲಿ ಅದು 28–1.

ಐದು_ರೌಂಡು

ಮೇಷ್ಟ್ರೇ, ಟಿಬಾವ್ ವಿಷಯ ಬಂದರೆ ಸಾಕು ನೀವು ಹಬ್ಬ ಮಾಡುತ್ತೀರಿ. ಅದೊಂದು ಬಿಟ್ಟು ಉಳಿದವು ಹೇಳಿ. 2014ರ ಏಪ್ರಿಲ್‌ನಲ್ಲಿ ರಾಫೆಲ್ ದೋಸ್ ಅಂಜೋಸ್‌ನನ್ನು ಮೂರು ರೌಂಡ್ ಉರುಳಿಸಿದ. ಅದೇ ದೋಸ್ ಅಂಜೋಸ್ ಒಂದು ವರ್ಷ ತುಂಬುವ ಮೊದಲೇ ಚಾಂಪಿಯನ್ ಆದ. 2013ರಲ್ಲಿ ಏಬಲ್ ಟ್ರುಹಿಯೊ ಎದುರು ಒಂದೇ ಪಂದ್ಯದಲ್ಲಿ 21 ಟೇಕ್‌ಡೌನ್. ಆ ಬಡಪಾಯಿ ಏಳುತ್ತಾನೆ, ಇವನು ಕೆಡವುತ್ತಾನೆ. ಏಳುತ್ತಾನೆ, ಕೆಡವುತ್ತಾನೆ. ಯುಎಫ್‌ಸಿ ದಾಖಲೆ ಅದು.

ಗರಡಿ_ಹುಡುಗ

ನಾನು ದಾವಣಗೆರೆ ಕಡೆಯವನು. ಹತ್ತು ವರ್ಷ ಕೆಮ್ಮಣ್ಣಿನಲ್ಲಿ ಹೊರಳಿದ್ದೇನೆ. ಈಗ ಬೆನ್ನು ಹೋಗಿ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. "ಅಪ್ಪಿಕೊಂಡು ಮಲಗಿದ್ದಾನೆ" ಅನ್ನೋ ಮಾತು ಓದಿ ಸುಮ್ಮನೆ ಇರಲಾಗಲಿಲ್ಲ.

ನಮ್ಮ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಮುಗಿಯಿತು. ಎರಡೂ ಭುಜ ಮಣ್ಣಿಗೆ ತಾಗಬೇಕು, ಹಲಗೆ ಬಡಿಯುತ್ತಾರೆ, ಗೆದ್ದವನು ಎದ್ದು ಮಣ್ಣು ಮುಟ್ಟಿ ನಮಸ್ಕಾರ ಮಾಡುತ್ತಾನೆ. ಖಬೀಬ್‌ಗೆ ಕೆಲಸ ಶುರುವಾಗುವುದೇ ಅಲ್ಲಿಂದ. ಈ ಆಟದಲ್ಲಿ ಬೆನ್ನು ತಾಗಿದರೆ ಏನೂ ಇಲ್ಲ. ಕೆಳಗಿದ್ದವನು ಬೆನ್ನ ಮೇಲೆ ಇದ್ದುಕೊಂಡೇ ಕತ್ತು ಹಿಸುಕಬಹುದು, ತೋಳು ಮುರಿಯಬಹುದು, ಇಲ್ಲ ಒದ್ದು ಎದ್ದು ಹೋಗಬಹುದು. ಆದ್ದರಿಂದ ಕೆಡವುವುದಕ್ಕಿಂತ ಏಳಲು ಬಿಡದಿರುವುದು ಕಷ್ಟ.

ಅವನು ಏನು ಮಾಡುತ್ತಾನೆ, ನಿಧಾನಕ್ಕೆ ನೋಡಿ. ಎದುರಾಳಿ ಬಿದ್ದ ತಕ್ಷಣ ಅಖಾಡದ ಸುತ್ತ ಇರುವ ಜಾಲರಿ ಕಡೆಗೆ ಜರುಗುತ್ತಾನೆ. ಎಲ್ಲರೂ ಹಾಗೇ ಮಾಡುವುದು. ಬೆನ್ನು ಜಾಲರಿಗೆ ಕೊಟ್ಟರೆ ಗೋಡೆ ಹಿಡಿದು ಏಳುವ ಹಾಗೆ ಏಳಬಹುದು. ಖಬೀಬ್ ಅದನ್ನು ತಡೆಯುವುದಿಲ್ಲ. ಜಾಲರಿವರೆಗೆ ಹೋಗಲು ಬಿಡುತ್ತಾನೆ. ಎದುರಾಳಿ ಕಾಲು ಚಾಚಿ ಕೂತ ಕೂಡಲೇ ತನ್ನ ಎರಡು ಕಾಲನ್ನು ಅವನ ತೊಡೆಗಳ ಮೇಲೆ ಹಾಕಿ ಚಕ್ಕಳಮಕ್ಕಳದ ಹಾಗೆ ಬಿಗಿದು ಬೀಗ ಹಾಕುತ್ತಾನೆ. ಈಗ ಕಾಲು ಹೋಯಿತು. ಏಳಬೇಕಾದರೆ ಒಂದು ಕೈ ನೆಲಕ್ಕೆ ಊರಲೇಬೇಕು, ಅಲ್ವಾ? ಊರಿದ ತಕ್ಷಣ ಖಬೀಬ್ ಬೆನ್ನ ಹಿಂದಿನಿಂದ ಕೈ ತೂರಿಸಿ ಆ ಮಣಿಕಟ್ಟು ಹಿಡಿದು ಎಳೆದುಬಿಡುತ್ತಾನೆ. ಊರುಗೋಲು ಕಿತ್ತ ಮುದುಕನ ಹಾಗೆ ಎದುರಾಳಿ ಪಕ್ಕಕ್ಕೆ ವಾಲುತ್ತಾನೆ. ಒಂದು ಕೈ ಬೇಡಿಯಲ್ಲಿ, ಎರಡು ಕಾಲು ಬೀಗದಲ್ಲಿ. ಉಳಿದ ಒಂದು ಕೈಯಲ್ಲಿ ಮುಖ ಮುಚ್ಚಿಕೊಳ್ಳಬೇಕಾ, ಇಲ್ಲ ಕೈ ಬಿಡಿಸಿಕೊಳ್ಳಬೇಕಾ? ಖಬೀಬ್‌ನ ಬಲಗೈ ಮಾತ್ರ ಪೂರ್ತಿ ಖಾಲಿ. ಗುದ್ದುತ್ತಾ ಇರುತ್ತಾನೆ. ಇದಕ್ಕೆ ಖಬೀಬ್ ಹುಟ್ಟಿದ ಪ್ರಾಂತ್ಯದ ಹೆಸರಲ್ಲಿ ದಾಗೆಸ್ತಾನಿ ಕೈಕೋಳ ಅಂತಲೇ ಹೆಸರು ಬಿದ್ದಿದೆ.

ನೋಡುವವರಿಗೆ ಇಬ್ಬರೂ ಸುಮ್ಮನೆ ಕೂತ ಹಾಗೆ ಕಾಣುತ್ತದೆ. ಕೆಳಗಿದ್ದವನಿಗೆ ಮಾತ್ರ ಗೊತ್ತು, ಅಕ್ಕಿ ಮೂಟೆಗೆ ಕೈಕಾಲು ಬಂದು ಮೈ ಮೇಲೆ ಕೂತರೆ ಹೇಗಿರುತ್ತದೆ ಎಂದು. ನಮ್ಮ ಉಸ್ತಾದ್ ಒಬ್ಬರು ಮೇಲೆ ಭಾರ ಬಿಡುತ್ತಿದ್ದರು. 60 ಕೆಜಿ ಮನುಷ್ಯ, ಆದರೆ ಬಂಡೆ ಬಿದ್ದ ಹಾಗಾಗುತ್ತಿತ್ತು. ತೂಕ ಅಲ್ಲ, ಆ ತೂಕವನ್ನು ಎಲ್ಲಿ ಇಡಬೇಕು ಅನ್ನೋದು ವಿದ್ಯೆ.

ರಾತ್ರಿಪಾಳಿ

ಗರಡಿ ಹುಡುಗರೇ, ಕೈ ಮುಗಿದೆ. ಇದನ್ನು ಓದಿಕೊಂಡು ಮತ್ತೆ ನೋಡುತ್ತೇನೆ. ಯಾವ ಫೈಟ್‌ನಿಂದ ಶುರು ಮಾಡಲಿ?

ಗರಡಿ_ಹುಡುಗ

ಮೈಕಲ್ ಜಾನ್ಸನ್. 2016ರ ನವೆಂಬರ್ 12, ನ್ಯೂಯಾರ್ಕ್. ನೀವು ಬಾಕ್ಸಿಂಗ್ ಜನ, ಮೊದಲ ರೌಂಡ್ ನಿಮಗೆ ಇಷ್ಟ ಆಗುತ್ತದೆ. ಜಾನ್ಸನ್ ಎಡಗೈಯಲ್ಲಿ ಎರಡು ಮೂರು ಚೆನ್ನಾಗಿ ಕೊಡುತ್ತಾನೆ, ಖಬೀಬ್ ತಲೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಒಂದು ಸಲ ಕಾಲು ಸಿಕ್ಕಿತು ನೋಡಿ, ಅಲ್ಲಿಗೆ ಮುಗಿಯಿತು. ಮೇಲೆ ಕೂತು ಹೊಡೆಯುತ್ತಾ ಹೊಡೆಯುತ್ತಾ ಅವನ ಕಿವಿಯಲ್ಲಿ ಮಾತಾಡುತ್ತಾನೆ. ಬಿಟ್ಟುಬಿಡು, ನಾನು ಟೈಟಲ್‌ಗೆ ಆಡಬೇಕು, ನಿನಗೂ ಗೊತ್ತು ಅಂತ. ಬೈಗುಳ ಅಲ್ಲ, ಬುದ್ಧಿ ಹೇಳುವ ಹಾಗೆ! ಮೂರನೇ ರೌಂಡಿನಲ್ಲಿ ತೋಳು ತಿರುಚಿ ಟ್ಯಾಪ್ ಮಾಡಿಸಿದ, ಅಂದರೆ ಕೈ ತಟ್ಟಿ ಸೋಲು ಒಪ್ಪುವ ಹಾಗೆ ಮಾಡಿದ.

ತೂಕದ_ಕಲ್ಲು

ಎಲ್ಲರೂ ಎದುರಾಳಿಗಳ ಹೆಸರು ಹೇಳುತ್ತಿದ್ದೀರಿ. ಖಬೀಬ್‌ಗೆ ಜಾಸ್ತಿ ಕಾಟ ಕೊಟ್ಟಿದ್ದು ತಕ್ಕಡಿ. ಯಾರೂ ಅದನ್ನು ಹೇಳಲಿಲ್ಲ.

ಲೈಟ್‌ವೇಟ್ ಅಂದರೆ 155 ಪೌಂಡ್, 70 ಕೆಜಿ ಚಿಲ್ಲರೆ. ಪಂದ್ಯಗಳಿಲ್ಲದ ಸಮಯದಲ್ಲಿ ಅವನು 80 ಮೇಲೆ ಇರುತ್ತಿದ್ದ. ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ಅಷ್ಟರೊಳಗೆ ಮೈಯಲ್ಲಿರುವ ನೀರನ್ನೆಲ್ಲ ಹಿಂಡಿ ತೆಗೆಯಬೇಕು. ಮೊದಲು ಹೇಳಿದ 21 ಟೇಕ್‌ಡೌನ್ ಪಂದ್ಯ ಇದೆಯಲ್ಲ, ಅಲ್ಲೂ 158.5 ಪೌಂಡ್ ತೂಗಿ ತಪ್ಪಿದ್ದ. 2017ರ ಮಾರ್ಚ್‌ನಲ್ಲಂತೂ ತೂಕ ಇಳಿಸುವಾಗಲೇ ಆಸ್ಪತ್ರೆ ಸೇರಿದ. ಫರ್ಗುಸನ್ ಜೊತೆಗಿನ ಪಂದ್ಯ ಹಿಂದಿನ ದಿನ ರದ್ದು. ತಿರಮಿಸು ಅನ್ನೋ ಇಟಾಲಿಯನ್ ಸಿಹಿ ತಿಂದು ಹೀಗಾಯಿತು ಅಂತ ಜನ ಇವತ್ತಿಗೂ ಕಾಲೆಳೆಯುತ್ತಾರೆ.

ನನಗೆ ಆ ಜೋಕಿಗೆ ನಗು ಬರುವುದಿಲ್ಲ. ಕಾಲೇಜಿನಲ್ಲಿ ಜೂಡೋ ಆಡುತ್ತಿದ್ದೆ. ಒಂದು ಸಲ ಮೂರು ದಿನದಲ್ಲಿ ನಾಲ್ಕು ಕೆಜಿ ಇಳಿಸು ಅಂದರು ನಮ್ಮ ಕೋಚ್. ಮೈಗೆ ಕಸದ ಕವರ್ ಹರಿದು ಸುತ್ತಿಕೊಂಡು, ಮೇಲೆ ಎರಡು ಸ್ವೆಟರ್ ಹಾಕಿ, ಏಪ್ರಿಲ್ ಬಿಸಿಲಲ್ಲಿ ಗ್ರೌಂಡ್ ಸುತ್ತಿದೆ. ಕೊನೆಯ ದಿನ ನೀರು ಬಂದ್. ಬಾಯಿಗೆ ಹುಣಸೆಹಣ್ಣು ಇಟ್ಟುಕೊಂಡು ಬಕೆಟ್‌ಗೆ ಎಂಜಲು ಉಗಿಯುತ್ತಿದ್ದೆ, ಅದರಿಂದಲೂ ನೂರು ಗ್ರಾಂ ಹೋಗಲಿ ಅಂತ. ರಾತ್ರಿ ನಲ್ಲಿಯಿಂದ ತೊಟ್ಟಿಕ್ಕುವ ಶಬ್ದ ಕೇಳಿ ಅಳು ಬಂದಿತ್ತು. ತಕ್ಕಡಿ ಹತ್ತಿ ಇಳಿದವನಿಗೆ ಕಾಲಲ್ಲಿ ಹಿಡಿತ ಬಂದು, ಇಬ್ಬರು ಹೊತ್ತುಕೊಂಡು ಹೋಗಿ ಡ್ರಿಪ್ ಹಾಕಿಸಿದರು. ಮೊದಲ ಸುತ್ತಿನಲ್ಲೇ ಸೋತೆ. ನನ್ನದು ನಾಲ್ಕು ಕೆಜಿ. ಅವನು ಹತ್ತಕ್ಕಿಂತ ಜಾಸ್ತಿ ಇಳಿಸುತ್ತಿದ್ದ, ಆಮೇಲೆ ಐದು ರೌಂಡ್ ಆಡಬೇಕು.

ಲೆಕ್ಕದ_ಮೇಷ್ಟ್ರು

ಇದಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಅಂಥ ತೂಕಕ್ಕೆ ಇಳಿಯಬೇಕು ಅಂತ ಯಾರೂ ಒತ್ತಾಯ ಮಾಡಿರಲಿಲ್ಲ. 170 ಪೌಂಡಿನಲ್ಲಿ ಆಡಬಹುದಿತ್ತು. ಎಲ್ಲರೂ ಮಾಡುವುದೇ ಇದು, ದೊಡ್ಡ ಮೈಯನ್ನು ಚಿಕ್ಕ ತೂಕಕ್ಕೆ ತುರುಕುವುದು.

ಇರಲಿ. ಫರ್ಗುಸನ್ ಜೊತೆ ಐದು ಸಲ ಪಂದ್ಯ ಗೊತ್ತುಮಾಡಿದರು, ಐದು ಸಲವೂ ಕೆಟ್ಟಿತು. 2015ರಲ್ಲಿ ಖಬೀಬ್ ಪಕ್ಕೆಲುಬು. 2016ರಲ್ಲಿ ಫರ್ಗುಸನ್ ಶ್ವಾಸಕೋಶದಲ್ಲಿ ನೀರು. 2017ರಲ್ಲಿ ತಕ್ಕಡಿ. 2018ರಲ್ಲಿ ಕೇಬಲ್. 2020ರ ಏಪ್ರಿಲ್‌ನಲ್ಲಿ ಕೊರೊನಾ. ನಮ್ಮೂರಲ್ಲಿ ಆಗಿದ್ದರೆ ಎರಡನೇ ಸಲಕ್ಕೇ ಜಾತಕ ತೋರಿಸುತ್ತಿದ್ದರು.

ಅರಳಿಕಟ್ಟೆ

ಎಲ್ಲ ಸರಿ, ಚಿಕ್ಕವನಿದ್ದಾಗ ಕರಡಿ ಜೊತೆ ಕುಸ್ತಿ ಆಡಿದ ವಿಡಿಯೊ ನಿಜಾನಾ ಸುಳ್ಳಾ?

ಐದು_ರೌಂಡು

ನಿಜ. ಒಂಬತ್ತು ವರ್ಷದ ಹುಡುಗ, ಸರಪಳಿ ಕಟ್ಟಿದ ಕರಡಿ ಮರಿ. ತೆಗೆದದ್ದು ಅವರಪ್ಪ. ಕರಡಿಯ ಬಗ್ಗೆ ಪಾಪ ಅನಿಸುತ್ತದೆ, ಅದು ಬೇರೆ ಮಾತು.

ಕೇಳಿದ್ದಕ್ಕೆ ಪೂರ್ತಿ ಹೇಳುತ್ತೇನೆ. ಹುಟ್ಟಿದ್ದು 1988ರ ಸೆಪ್ಟೆಂಬರ್ 20, ದಾಗೆಸ್ತಾನದ ಸಿಲ್ದಿ ಅನ್ನೋ ಸಣ್ಣ ಗುಡ್ಡದ ಹಳ್ಳಿ. ರಷ್ಯಾದ ದಕ್ಷಿಣದ ತುದಿ, ಕಾಕಸಸ್ ಬೆಟ್ಟ. ಜನ ಅವಾರ್ ಸಮುದಾಯದವರು. ಅಲ್ಲಿ ಹುಡುಗರಿಗೆ ಕುಸ್ತಿ ಅಂದರೆ ನಮ್ಮ ಹುಡುಗರಿಗೆ ಕ್ರಿಕೆಟ್ ಇದ್ದ ಹಾಗೆ. ಆ ಪುಟ್ಟ ಪ್ರಾಂತ್ಯದಿಂದ ಬಂದ ಒಲಿಂಪಿಕ್ ಕುಸ್ತಿ ಚಾಂಪಿಯನ್‌ಗಳ ಪಟ್ಟಿ ಉದ್ದ ಇದೆ. ಆ ಉಣ್ಣೆ ಟೋಪಿಗೆ ಪಪಾಖಾ ಅಂತಾರೆ. ಅದು ಸ್ಟೈಲಿಗೆ ಹಾಕಿದ್ದಲ್ಲ, ಅವರ ಗುಡ್ಡದ ಗಂಡಸರ ಪೇಟ ಅಂದುಕೊಳ್ಳಿ.

ಅಪ್ಪ ಅಬ್ದುಲ್‌ಮನಾಪ್ ಸ್ವತಃ ಕುಸ್ತಿ, ಜೂಡೋ, ರಷ್ಯಾದ ಕುಸ್ತಿಯಂಥ ಸಾಂಬೊ ಆಡಿದವರು. ಮನೆಯ ಕೆಳ ಅಂತಸ್ತನ್ನೇ ಜಿಮ್ ಮಾಡಿದರು. ಮಗ, ತಮ್ಮನ ಮಕ್ಕಳು, ಪಕ್ಕದ ಹಳ್ಳಿ ಹುಡುಗರು ಎಲ್ಲ ಅಲ್ಲೇ. ಮೊದಲು ಕುಸ್ತಿ. ಹದಿನೈದಕ್ಕೆ ಜೂಡೋಗೆ ಹಾಕಿದರು, ಹದಿನೇಳಕ್ಕೆ ಕಾಂಬ್ಯಾಟ್ ಸಾಂಬೊ. ಕೋಟು ಹಾಕಿಕೊಂಡು ಆಡುವುದು ಬೇರೆ ವಿದ್ಯೆ, ಅದೂ ಬರಲಿ ಅಂತ. ಸಾಂಬೊದಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆದ. 2008ರ ಸೆಪ್ಟೆಂಬರ್‌ನಲ್ಲಿ ಮೊದಲ ವೃತ್ತಿಪರ ಪಂದ್ಯ. 2012ರ ಜನವರಿಯಲ್ಲಿ ಯುಎಫ್‌ಸಿ. ಆಮೇಲೆ ಅಮೆರಿಕದ ಸ್ಯಾನ್ ಹೋಸೆಯಲ್ಲಿ ಹಾವಿಯರ್ ಮೆಂಡೆಸ್ ಹತ್ತಿರ ತರಬೇತಿ. ಆದರೆ ಪ್ಲಾನ್ ಯಾವತ್ತೂ ಅಪ್ಪನದೇ. ಮೆಂಡೆಸ್ ಕೂಡ ಅದನ್ನೇ ಹೇಳುತ್ತಾರೆ.

2014ರಿಂದ 2016ರವರೆಗೆ ಎರಡು ವರ್ಷ ಒಂದೂ ಪಂದ್ಯ ಇಲ್ಲ. ಮಂಡಿ, ಆಮೇಲೆ ಪಕ್ಕೆಲುಬು. 25ರಿಂದ 27, ಫೈಟರ್‌ಗೆ ಚಿನ್ನದಂಥ ವಯಸ್ಸು. ಆಟ ಬಿಟ್ಟುಬಿಡುವ ಯೋಚನೆಗೂ ಬಂದಿದ್ದನಂತೆ. ರಾತ್ರಿಪಾಳಿ ಅವರೇ, "ಬರೀ 13 ಪಂದ್ಯ" ಯಾಕೆ ಅಂದರೆ ಇದಕ್ಕೆ.

ಹಿತ್ತಲ_ಗಿಡ

ನಾನು ಹೆಂಗಸು, ಈ ಆಟ ನೋಡುತ್ತೇನೆ ಅಂದರೆ ಆಫೀಸಿನಲ್ಲಿ ಹುಬ್ಬೇರಿಸುತ್ತಾರೆ. ಅದಿರಲಿ. ಖಬೀಬ್ ಆಟ ನನಗೆ ಇಷ್ಟ, ಮಾತು ಎಲ್ಲವೂ ಇಷ್ಟ ಅಲ್ಲ. ತನ್ನೂರಲ್ಲಿ ಆಡಿದ ಒಂದು ನಾಟಕ ತನಗೆ ಹಿಡಿಸಲಿಲ್ಲ ಅಂತ ಆಡಿಸಿದವರ ಮೇಲೆ ಹರಿಹಾಯ್ದ. ರಿಂಗ್ ಗರ್ಲ್‌ಗಳ ಬಗ್ಗೆ ಹಗುರವಾಗಿ ಮಾತಾಡಿದ. ವಿನಯವಂತ, ಸಂಸ್ಕಾರವಂತ ಅಂತ ಬರೀ ಹೊಗಳುವವರು ಇದನ್ನೂ ಒಂದು ಸಾಲು ಸೇರಿಸಿ.

ಇನ್ನು 2018ರ ಅಕ್ಟೋಬರ್ 6. ಲಾಸ್ ವೇಗಾಸ್. ಮೆಕ್‌ಗ್ರೆಗರ್ ತಿಂಗಳುಗಟ್ಟಲೆ ಇವನ ಅಪ್ಪ, ಊರು, ಧರ್ಮ ಎಲ್ಲವನ್ನೂ ಎಳೆದು ಬೈದಿದ್ದ. ಎರಡನೇ ರೌಂಡಿನಲ್ಲಿ ಖಬೀಬ್ ಬಲಗೈ ಬೀಸಿ ಅವನನ್ನು ಕೆಡವಿದಾಗ ನಾನು ಸೋಫಾ ಮೇಲೆ ನಿಂತಿದ್ದೆ. ಆಮೇಲೆ ಮೇಲೆ ಕೂತು ಗುದ್ದುತ್ತಾ "ಈಗ ಮಾತಾಡೋಣ" ಅಂದ! ಮೂರನೇ ರೌಂಡ್ ಮೆಕ್‌ಗ್ರೆಗರ್ ಗೆದ್ದ, ಅದೂ ಹೇಳಬೇಕು. ನಾಲ್ಕರಲ್ಲಿ ಕತ್ತು ಹಿಡಿದು ತಿರುಚಿದ, ಟ್ಯಾಪ್. ಗೆದ್ದಾಯಿತಲ್ಲ, ಸುಮ್ಮನೆ ಇರಬಹುದಿತ್ತು. ಬೇಲಿ ಹಾರಿ ಮೆಕ್‌ಗ್ರೆಗರ್ ಕಡೆಯವನ ಮೇಲೆ ಬಿದ್ದ. ಇಡೀ ಹಾಲ್ ಗಲಾಟೆ. ಬೆಲ್ಟ್ ಕೂಡ ಅಲ್ಲಿ ಸೊಂಟಕ್ಕೆ ಕಟ್ಟಲಿಲ್ಲ. 24 ಲಕ್ಷ ಜನ ದುಡ್ಡು ಕೊಟ್ಟು ನೋಡಿದ ಪಂದ್ಯ ಅದು, ಯುಎಫ್‌ಸಿ ದಾಖಲೆ. ಮುಗಿದ ರೀತಿ ಹಾಗೆ. ಐದು ಲಕ್ಷ ಡಾಲರ್ ದಂಡ, ಒಂಬತ್ತು ತಿಂಗಳು ನಿಷೇಧ.

ಗರಡಿ_ಹುಡುಗ

ಅಕ್ಕ, ಅಪ್ಪನನ್ನು ಬೈದರೆ ನಾನೂ ಹಾರುತ್ತಿದ್ದೆ.

ಹಿತ್ತಲ_ಗಿಡ

ಹಾರುತ್ತಿದ್ದಿರಿ ಸರಿ. ನಿಮ್ಮ ಉಸ್ತಾದ್ ಆಮೇಲೆ ಏನು ಮಾಡುತ್ತಿದ್ದರು?

ಗರಡಿ_ಹುಡುಗ

ಬೆಲ್ಟ್ ತೆಗೆಯುತ್ತಿದ್ದರು. ಗೆದ್ದದ್ದಲ್ಲ, ಸೊಂಟದ್ದು.

ಐದು_ರೌಂಡು

ಅವನೂ ಅದೇ ಹೇಳಿದ್ದು! ಅವತ್ತು ರಾತ್ರಿ ಪತ್ರಕರ್ತರ ಮುಂದೆ ಕ್ಷಮೆ ಕೇಳಿ, ಮನೆಗೆ ಹೋದರೆ ಅಪ್ಪ ನನ್ನನ್ನು ಬಿಡಲ್ಲ ಎಂದ. ಜಗತ್ತಿನ ಅತಿ ದೊಡ್ಡ ಪಂದ್ಯ ಗೆದ್ದ ಮೂವತ್ತು ವರ್ಷದ ಗಂಡಸು, ಅಪ್ಪನ ಏಟಿಗೆ ಹೆದರಿ ಕೂತಿದ್ದಾನೆ.

ನಿರ್ವಾಹಕ

ಧರ್ಮ, ರಾಜಕೀಯದ ಮೂರು ಉತ್ತರ ಅಳಿಸಿದ್ದೇನೆ. ಚರ್ಚೆ ಚೆನ್ನಾಗಿ ನಡೆಯುತ್ತಿದೆ, ಕೆಡಿಸಬೇಡಿ.

ಮರಳುಗಾಡಿನ_ಮಂಡ್ಯ

ತಡವಾಗಿ ಬಂದೆ. ನಾನು ಅಬುಧಾಬಿಯಲ್ಲಿ ಕೆಲಸ ಮಾಡುವವನು. 2019ರ ಸೆಪ್ಟೆಂಬರ್ 7ರಂದು ಯಾಸ್ ದ್ವೀಪದಲ್ಲಿ ಡಸ್ಟಿನ್ ಪೊರಿಯೆ ಎದುರಿನ ಪಂದ್ಯ ಕಣ್ಣಾರೆ ನೋಡಿದೆ. ಆ ಪಂದ್ಯಕ್ಕೆ ಅಂತಲೇ ಕಟ್ಟಿದ ತಾತ್ಕಾಲಿಕ ಅಂಗಳ. ಒಂದು ತಿಂಗಳ ಉಳಿತಾಯ ಟಿಕೆಟ್‌ಗೆ ಹೋಯಿತು, ಹೆಂಡತಿಗೆ ಇವತ್ತಿಗೂ ಅರ್ಧ ರೇಟ್ ಹೇಳಿದ್ದೇನೆ.

ಸೆಪ್ಟೆಂಬರ್ ಅಂದರೆ ಇಲ್ಲಿ ರಾತ್ರಿಯೂ ಕೆಂಡ. ಷರ್ಟ್ ಹಿಂಡಿದರೆ ನೀರು ಬರುತ್ತಿತ್ತು. ನಾನು ನೋಡುತ್ತಿದ್ದದ್ದು ಖಬೀಬ್‌ನನ್ನಲ್ಲ, ಮೂಲೆಯಲ್ಲಿ, ತರಬೇತುದಾರರ ಜಾಗದಲ್ಲಿ ನಿಂತಿದ್ದ ಅವರಪ್ಪನನ್ನು. ವೀಸಾ ಸಿಗದೆ ಅಮೆರಿಕದ ಯಾವ ಪಂದ್ಯಕ್ಕೂ ಹೋಗಲು ಅವರಿಗೆ ಆಗಿರಲಿಲ್ಲ. ಮಗ ಅಲ್ಲಿ ಪ್ರಪಂಚ ಗೆಲ್ಲುತ್ತಿದ್ದಾಗ ಅಪ್ಪ ದಾಗೆಸ್ತಾನದ ಮಖಚ್ಕಲದಲ್ಲಿ ಟಿವಿ ಮುಂದೆ. ಯುಎಫ್‌ಸಿಯಲ್ಲಿ ಮಗನ ಮೂಲೆಯಲ್ಲಿ ಅವರು ಮೊದಲ ಸಲ ನಿಂತಿದ್ದು ಇಲ್ಲೇ.

ಮೂರನೇ ರೌಂಡಿನಲ್ಲಿ ಪೊರಿಯೆ ಖಬೀಬ್ ಕತ್ತನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ನನ್ನ ಮುಂದಿನ ಸಾಲಿನ ಹುಡುಗರೆಲ್ಲ ದಾಗೆಸ್ತಾನದವರು, ಅಲ್ಲಿಯತನಕ ಕೂಗುತ್ತಿದ್ದರು. ಒಮ್ಮೆಲೇ ಸದ್ದಿಲ್ಲ. ಒಬ್ಬ ಟೋಪಿ ತೆಗೆದು ಬಾಯಿಗೆ ಒತ್ತಿಕೊಂಡ. ಕೆಲವೇ ಸೆಕೆಂಡು ಇರಬಹುದು. ಖಬೀಬ್ ತಲೆ ಹೊರಗೆ ಬಂತು. ಎರಡು ನಿಮಿಷದೊಳಗೆ ಬೆನ್ನ ಹಿಂದೆ ಹೋಗಿ ಕತ್ತು ಹಿಸುಕುವ ಚೋಕ್ ಹಾಕಿ ಮುಗಿಸಿದ. ಆಮೇಲೆ ಪೊರಿಯೆಯ ಟೀ ಷರ್ಟ್ ಇಸಿದುಕೊಂಡು ತಾನೇ ಹಾಕಿಕೊಂಡ, ಅದನ್ನು ಹರಾಜು ಹಾಕಿ ದುಡ್ಡನ್ನು ಪೊರಿಯೆಯ ದತ್ತಿ ಸಂಸ್ಥೆಗೆ ಕೊಡಲು. ವೇಗಾಸ್‌ನಲ್ಲಿ ಬೇಲಿ ಹಾರಿದವನು ಇವನೇನಾ ಅನಿಸಿತು. ಅಪ್ಪ ನೋಡುತ್ತಿದ್ದರಲ್ಲ!

ರಾತ್ರಿಪಾಳಿ

ಆಮೇಲೆ ಅವರಪ್ಪ ತೀರಿಕೊಂಡರು ಅಂತ ಬಾಮೈದ ಹೇಳಿದ. ಅದಕ್ಕೇ ಬಿಟ್ಟಿದ್ದಾ?

ಮರಳುಗಾಡಿನ_ಮಂಡ್ಯ

ಹೌದು. 2020ರ ಜುಲೈ 3. ಕೊರೊನಾ ಬಂದು ಹೃದಯಕ್ಕೂ ತೊಂದರೆ ಆಗಿ ಹೋದರು. 57 ವರ್ಷ. ಮುಂದಿನ ಪಂದ್ಯ ಅಕ್ಟೋಬರ್ 24ಕ್ಕೆ, ಮತ್ತೆ ಯಾಸ್ ದ್ವೀಪ. ನನ್ನ ಮನೆಯಿಂದ ಅರ್ಧ ಗಂಟೆ ದಾರಿ. ಆದರೆ ಒಳಗೆ ಪ್ರೇಕ್ಷಕರಿಗೆ ಪ್ರವೇಶ ಇಲ್ಲ. ಇಷ್ಟು ಹತ್ತಿರ ಇದ್ದೂ ಫೋನಿನಲ್ಲೇ ನೋಡಿದೆ.

ಎದುರಾಳಿ ಜಸ್ಟಿನ್ ಗೇಜಿ. ಹೊಡೆತಕ್ಕೆ ಹೆಸರಾದವನು. ಮೊದಲ ರೌಂಡಿನಲ್ಲಿ ಖಬೀಬ್ ಕಾಲಿಗೆ ಬಿದ್ದ ಒದೆತದ ಸದ್ದು ಖಾಲಿ ಹಾಲಿನಲ್ಲಿ ಮರ ಸೀಳಿದ ಹಾಗೆ ಕೇಳಿಸುತ್ತಿತ್ತು. ಅಷ್ಟರಲ್ಲಾಗಲೇ ಖಬೀಬ್ ಪಾದದ ಮೂಳೆ ಮುರಿದಿತ್ತಂತೆ, ತರಬೇತಿಯಲ್ಲಿ. ಅದು ಪಂದ್ಯ ಮುಗಿದ ಮೇಲೆ ಗೊತ್ತಾಗಿದ್ದು. ಎರಡನೇ ರೌಂಡಿನಲ್ಲಿ ಕೆಡವಿ, ಕಾಲುಗಳ ನಡುವೆ ಕತ್ತು ಸಿಕ್ಕಿಸಿ ತ್ರಿಕೋನದ ಚೋಕ್. ಗೇಜಿ ಟ್ಯಾಪ್ ಮಾಡಿದ್ದು ರೆಫರಿಗೆ ತಕ್ಷಣ ಕಾಣಲಿಲ್ಲ, ಎಚ್ಚರ ತಪ್ಪಿದ. ತೋಳು ಮುರಿಯುವ ಅವಕಾಶವೂ ಇತ್ತು. ಗೇಜಿ ಅಪ್ಪ ಅಮ್ಮ ನೋಡುತ್ತಿದ್ದಾರೆ, ಅವರ ಕಣ್ಣೆದುರು ಮಗನ ಕೈ ಮುರಿಯುವುದು ಬೇಡ ಅಂತ ಚೋಕ್ ಆರಿಸಿದ ಎಂದು ಆಮೇಲೆ ಅವನ ಗೆಳೆಯ ಡೇನಿಯಲ್ ಕಾರ್ಮಿಯೆ ಹೇಳಿದ.

ಗೆದ್ದವನು ನಡುವೆ ಹೋಗಿ ಮುಖ ಅಡಿ ಮಾಡಿ ಬಿದ್ದುಕೊಂಡು ಅತ್ತ. ಗೇಜಿ ಬಂದು ತಬ್ಬಿಕೊಂಡ. ಖಬೀಬ್ ಗ್ಲೌಸ್ ಬಿಚ್ಚಿ ನೆಲದ ಮೇಲೆ ಇಟ್ಟ. ಅಪ್ಪ ಇಲ್ಲದೆ ಆಡುವುದು ಬೇಡ ಅಂತ ಅಮ್ಮ ಮೂರು ದಿನ ಒಪ್ಪಿರಲಿಲ್ಲ, ಇದೇ ಕೊನೆ ಅಂತ ಮಾತು ಕೊಟ್ಟು ಬಂದಿದ್ದೇನೆ ಅಂದ.

ಲೆಕ್ಕದ_ಮೇಷ್ಟ್ರು

ಈ ಜಾಗದಲ್ಲಿ ಮಾತ್ರ ನನಗೆ ವಾದ ಮಾಡಲು ಮನಸ್ಸಿಲ್ಲ. ಅವರಪ್ಪನಿಗೆ 30–0 ಆಗಬೇಕು ಅಂತ ಆಸೆ ಇತ್ತು. ಹಳೆಯ ಚಾಂಪಿಯನ್ ಜಾರ್ಜ್ ಸೇಂಟ್ ಪಿಯೆರ್ ಜೊತೆ ಆಡಿಸಿ ಮುಗಿಸಬೇಕು ಅಂದಿದ್ದರು. ಒಂದೇ ಒಂದು ಪಂದ್ಯ ಬಾಕಿ. ಯುಎಫ್‌ಸಿ ಮುಖ್ಯಸ್ಥ ಡೇನಾ ವೈಟ್ ತಿಂಗಳುಗಟ್ಟಲೆ ಹಿಂದೆ ಬಿದ್ದ. ಇವನು ಅಲ್ಲಾಡಲಿಲ್ಲ. 2021ರ ಮಾರ್ಚ್‌ನಲ್ಲಿ ಬೆಲ್ಟ್ ಬಿಟ್ಟುಕೊಟ್ಟಾಯಿತು. ದೊಡ್ಡ ದೊಡ್ಡ ಫೈಟರ್‌ಗಳೆಲ್ಲ ನಿವೃತ್ತಿ ಅಂದು ಮತ್ತೆ ಬಂದು ಒದೆ ತಿಂದು ಹೋದರು. ಈ ಮನುಷ್ಯ ಹೇಳಿದ ಹಾಗೆ ಇದ್ದುಬಿಟ್ಟ.

ಟಿಬಾವ್ ವಿಷಯ ಮಾತ್ರ ಬಿಡಲ್ಲ.

ಶಾಲೆಗೆ_ಲೇಟು

ಇಲ್ಲಿ ಕೇಳಬಹುದೋ ಇಲ್ಲವೋ. ನನ್ನ ಮಗನಿಗೆ 11. ಇದೇ ಖಬೀಬ್ ಹುಚ್ಚು. ಎಂಎಂಎ ಕ್ಲಾಸಿಗೆ ಸೇರಿಸು ಅಂತ ಹಟ. ನಮ್ಮ ಏರಿಯಾದಲ್ಲಿ ಒಂದು ಜಿಮ್ ಇದೆ, ಹೋಗಿ ನೋಡಿದರೆ ಚಿಕ್ಕ ಮಕ್ಕಳ ತಲೆಗೆ ತಲೆ ಗುದ್ದಿಸುತ್ತಿದ್ದರು. ಹೆದರಿಕೆ ಆಯಿತು.

ತೂಕದ_ಕಲ್ಲು

ಮೇಡಂ, ಖಬೀಬ್ ಹೆಸರನ್ನೇ ಹೇಳಿ ಒಪ್ಪಿಸಿ. ಅವನೇ 11ರಲ್ಲಿ ಬರೀ ಕುಸ್ತಿ ಆಡುತ್ತಿದ್ದ ಅಂತ. ಹತ್ತಿರದಲ್ಲಿ ಒಳ್ಳೆಯ ಜೂಡೋ ಇಲ್ಲ ಕುಸ್ತಿ ಕಲಿಸುವವರಿದ್ದರೆ ಸೇರಿಸಿ. ಮೊದಲು ಬೀಳುವುದು ಕಲಿಯಲಿ. ತಲೆಗೆ ಏಟು ಈಗ ಬೇಡವೇ ಬೇಡ. ಯಾರಾದರೂ ಮಗುವಿಗೆ ತೂಕ ಇಳಿಸು ಅಂದರೆ ಅವತ್ತೇ ಚೀಲ ಎತ್ತಿಕೊಂಡು ಹೊರಗೆ ಬನ್ನಿ.

ಗರಡಿ_ಹುಡುಗ

ಮತ್ತೆ ಹಾಲು, ಬಾದಾಮಿ. ಜಿಮ್ ಡಬ್ಬಿ ಪುಡಿ ಬೇಡ.

ಹಿತ್ತಲ_ಗಿಡ

ಮಗನಿಗೆ ಪೂಜಾ ತೋಮರ್ ಪಂದ್ಯವನ್ನೂ ತೋರಿಸಿ. ಉತ್ತರ ಪ್ರದೇಶದ ಹುಡುಗಿ, ಚೀನಾದ ಸಮರಕಲೆ ವುಶು ಆಡಿ ಬಂದವಳು. 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ. ಗೋಡೆ ಮೇಲೆ ಇನ್ನೊಂದು ಪೋಸ್ಟರ್‌ಗೆ ಜಾಗ ಇರುತ್ತದೆ.

ಅರಳಿಕಟ್ಟೆ

ಈಗ ಏನು ಮಾಡುತ್ತಿದ್ದಾನೆ ಆಸಾಮಿ?

ಐದು_ರೌಂಡು

ಅಪ್ಪ ಮಾಡುತ್ತಿದ್ದ ಕೆಲಸ. ಹುಡುಗರನ್ನು ತಯಾರು ಮಾಡುವುದು. ಅವನ ಜೊತೆಗೇ ಬೆಳೆದ, ಅವರಪ್ಪನ ಶಿಷ್ಯ ಇಸ್ಲಾಂ ಮಖಚೆವ್ 2022ರ ಅಕ್ಟೋಬರ್ 22ರಂದು ಅದೇ ಅಬುಧಾಬಿಯಲ್ಲಿ ಚಾರ್ಲ್ಸ್ ಒಲಿವೇರಾನನ್ನು ಸೋಲಿಸಿ ಅದೇ 155 ಪೌಂಡಿನ ಬೆಲ್ಟ್ ಗೆದ್ದ. ಮೂಲೆಯಲ್ಲಿ ಖಬೀಬ್. ಆ ವರ್ಷದ ಜೂನ್‌ನಲ್ಲೇ ಯುಎಫ್‌ಸಿ ಹಾಲ್ ಆಫ್ ಫೇಮ್‌ಗೂ ಸೇರಿಸಿದ್ದರು. ಆಮೇಲೆ ಮನೆಯವರ ಜೊತೆ ಇರಬೇಕು ಅಂತ ಅದರಿಂದಲೂ ಸ್ವಲ್ಪ ಹಿಂದೆ ಸರಿದ.

ರಾತ್ರಿಪಾಳಿ

ವರದಿ ಒಪ್ಪಿಸುತ್ತಿದ್ದೇನೆ. ಜಾನ್ಸನ್, ಪೊರಿಯೆ, ಗೇಜಿ ಮೂರೂ ನೋಡಿದೆ. ಗರಡಿ ಹುಡುಗರು ಹೇಳಿದ ಕೈಕೋಳ ಈಗ ಕಣ್ಣಿಗೆ ಕಾಣುತ್ತಿದೆ. ಜಾನ್ಸನ್ ಕೈ ಊರಲು ಹೋದಾಗಲೆಲ್ಲ ನಾನು "ಬೇಡ ಕಣೋ, ಬೇಡ" ಅನ್ನುತ್ತಿದ್ದೆ. ಅಯಾಕ್ವಿಂಟಾ ಪಂದ್ಯ ಮತ್ತೆ ನೋಡುವಷ್ಟು ಧೈರ್ಯ ಇನ್ನೂ ಬಂದಿಲ್ಲ. ನನಗೆ ಈಗಲೂ ನಿಂತು ಹೊಡೆದಾಡುವುದೇ ಚೆಂದ.

ಬಾಮೈದನ ಮುಂದೆ "ಇದೇನು ಮಹಾ, ಎದ್ದರಾಯಿತು" ಅಂದುಬಿಟ್ಟೆ. ಬನ್ನಿ ಭಾವ ಅಂದ. ಹಾಲಿನಲ್ಲಿ ಚಾಪೆ ಹಾಸಿದೆವು. ಗೋಡೆಗೆ ಬೆನ್ನು ಕೊಟ್ಟು ಕೂತೆ. ಅವನು ಕಾಲಿಗೆ ಬೀಗ ಹಾಕಿ, ಬೆನ್ನ ಹಿಂದಿನಿಂದ ನನ್ನ ಎಡಗೈ ಹಿಡಿದುಕೊಂಡ. 62 ಕೆಜಿ ಹುಡುಗ. ನಾನು 81. ಹತ್ತು ನಿಮಿಷ ಒದ್ದಾಡಿದೆ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ, ಹಾಲು ಉಕ್ಕುತ್ತದೆ ಅಂತ ವಾಪಸ್ ಹೋದಳು. ಬಿಡಿಸಲಿಲ್ಲ.

ಎಡ ಪಕ್ಕೆ ಹಿಡಿದುಕೊಂಡಿದೆ. ಎಣ್ಣೆ ಯಾವುದು ಹಚ್ಚಲಿ, ಗರಡಿ ಹುಡುಗರೇ?

ಗರಡಿ_ಹುಡುಗ

ಸಾಸಿವೆ ಎಣ್ಣೆ ಬಿಸಿ ಮಾಡಿ, ಎರಡು ಎಸಳು ಬೆಳ್ಳುಳ್ಳಿ ಹಾಕಿ. ನಾಳೆ ಮತ್ತೆ ಕೂತುಕೊಳ್ಳಿ. ಈ ಸಲ ಕೈ ಊರಬೇಡಿ.